ಆಡಿರಾಂಡ್ಯಾಕ್ ಭೂಮಾಪನದ ಇತಿಹಾಸ

ಆಡಿರಾಂಡ್ಯಾಕ್ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಉತ್ತರದಲ್ಲಿರುವ, ಸುಮಾರು 3,000 ಕೆರೆ ಸರೋವರಗಳ ಬೆಟ್ಟಗಾಡು. ನ್ಯೂಯಾರ್ಕ್ ನಗರ ಮಹಾನಗರವಾಗಿ ಬೆಳೆದ ಮೇಲೂ ಅದೇ ರಾಜ್ಯದ ಈ ಭಾಗಕ್ಕೆ ನಂಬುವಂಥ ನಕ್ಷೆ ಇರಲಿಲ್ಲ. ಇದ್ದದ್ದು 18ನೆಯ ಶತಮಾನದ ಭೂಖರೀದಿಗಳ ಗಡಿಗಳು ಮಾತ್ರ. ಮೋಜಣಿದಾರರು ಸರಪಳಿ ಎಳೆದು, ಬಾಂದುಕಲ್ಲಿನ ಬದಲು ಮರಗಳಿಗೆ ಕಚ್ಚು ಹಾಕಿ ಹೋಗಿದ್ದರು. ಮರ ಬಿದ್ದರೆ ಗಡಿಯೂ ಹೋಯಿತು.

1837ರಲ್ಲಿ ಭೂವಿಜ್ಞಾನಿ ಎಬೆನೀಜರ್ ಎಮನ್ಸ್‌ನ ತಂಡ ಇಲ್ಲಿಯ ಅತ್ಯುನ್ನತ ಶಿಖರ ಮಾರ್ಸಿಯನ್ನು ಏರಿತು. ವಾಯುಭಾರಮಾಪಕದಿಂದ ಅಳೆದ ಎತ್ತರ 5,467 ಅಡಿ ಎಂದು ಪುಸ್ತಕಗಳಿಗೆ ಸೇರಿತು. ನೂರಕ್ಕೂ ಹೆಚ್ಚು ಅಡಿಗಳ ತಪ್ಪು ದಶಕಗಳ ಕಾಲ ಹಾಗೇ ಉಳಿಯಿತು.

ಕೆಲಸ ನಿಜವಾಗಿ ಮೊದಲಾದದ್ದು ಆಲ್ಬನಿಯ ವರ್‌ಪ್ಲ್ಯಾಂಕ್ ಕಾಲ್ವಿನ್‌ನಿಂದ (1847–1920). ಕಾಡು ಕಡಿದರೆ ಹಡ್ಸನ್ ನದಿಯೂ ಈರಿ ಕಾಲುವೆಯೂ ಬತ್ತುತ್ತವೆಂಬುದು ಈತನ ವಾದ. 1872ರಲ್ಲಿ ರಾಜ್ಯ 1,000 ಡಾಲರ್ ಕೊಟ್ಟು ಭೂಮಾಪನದ ಹೊಣೆ ಒಪ್ಪಿಸಿತು. ಅದೇ ಸೆಪ್ಟೆಂಬರಿನಲ್ಲಿ ಮಾರ್ಸಿಯ ಮಗ್ಗುಲಲ್ಲಿ ಪುಟ್ಟ ಕೊಳವೊಂದನ್ನು ತಲುಪಿ, ಅದರ ನೀರು ಹರಿಯುವುದು ಹಡ್ಸನ್ನಿನ ಕಡೆಗೆ ಎಂದು ಖಚಿತಪಡಿಸಿಕೊಂಡ: ನದಿಯ ಅತ್ಯುನ್ನತ ಮೂಲ. ಕೊಳಕ್ಕೆ ಕಾಲ್ವಿನ್ ಇಟ್ಟ ಹೆಸರಿಗೆ ‘ಮೋಡಗಳ ಕಣ್ಣೀರು’ ಎಂಬರ್ಥ. ಸರ್ಕಾರಿ ವರದಿಯಲ್ಲೂ ಕವಿಯಾಗಬಲ್ಲ ಅಧಿಕಾರಿ ಆತ.

ತ್ರಿಕೋನಮಾಪನಕ್ಕೆ ದೂರದ ಶಿಖರ ಕಣ್ಣಿಗೆ ಬೀಳಬೇಕು. ಅದಕ್ಕಾಗಿ ತುದಿಯ ಮರಗಳನ್ನು ಕಡಿಸಿ, ಗಾಳಿಗೆ ತಿರುಗುತ್ತ ಬಿಸಿಲಿಗೆ ಮಿಂಚುವ ತಗಡುಗಳನ್ನು ಕಂಬದ ಮೇಲೆ ಕಟ್ಟಿಸಿದ. ಬಂಡೆಗೆ ಲೋಹದ ಮೊಳೆ ಹೊಡೆಸಿದ. 1875ರಲ್ಲಿ ಶಾಂಪ್ಲೇನ್ ಸರೋವರದಿಂದ ಮಟ್ಟ ಹಿಡಿದುಕೊಂಡೇ ಶಿಖರಕ್ಕೇರಿ, ಮಾರ್ಸಿಯ ಎತ್ತರವನ್ನು ಸುಮಾರು 5,344 ಅಡಿ ಎಂದು ನಿರ್ಧರಿಸಿದ. ಇಂದಿನ ಲೆಕ್ಕಕ್ಕೂ ಅದಕ್ಕೂ ಹೆಚ್ಚೇನೂ ಅಂತರವಿಲ್ಲ.

ಮುಂದಿನ ವರ್ಷಗಳನ್ನು ತಿಂದದ್ದು ಕಚ್ಚುಮರಗಳ ಹುಡುಕಾಟ. 1885ರಲ್ಲಿ ಅರಣ್ಯ ರಕ್ಷಿತವಾದ ಮೇಲೆ ಸರ್ಕಾರದ ಜಮೀನು ಯಾವುದು, ಮರಕಡಿಯುವ ಕಂಪನಿಯದು ಯಾವುದು ಎಂದು ತೋರಿಸಬೇಕಾಯಿತು. ಬೆಟ್ಟ ಅಳೆಯಹೊರಟವನು ಗಡಿವ್ಯಾಜ್ಯದಲ್ಲಿ ಸಿಕ್ಕಿಕೊಂಡ. ಆಸೆಪಟ್ಟ ಮಹಾನಕ್ಷೆ ಪೂರ್ತಿಯಾಗಲೇ ಇಲ್ಲ. 1892ರಲ್ಲಿ ರೂಪುಗೊಂಡ ಆಡಿರಾಂಡ್ಯಾಕ್ ಉದ್ಯಾನದ ಗಡಿಯನ್ನು ನಕ್ಷೆಯಲ್ಲಿ ನೀಲಿ ಶಾಯಿಯಿಂದ ಗುರುತಿಸಿದ್ದರಿಂದ ಜನ ಅದನ್ನು ಈಗಲೂ ‘ನೀಲಿ ಗೆರೆ’ ಎನ್ನುತ್ತಾರೆ.

1890ರ ದಶಕದಿಂದ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆ 1:62,500 ಪ್ರಮಾಣದ, ಸಮೋನ್ನತ ರೇಖೆಗಳುಳ್ಳ ಹಾಳೆಗಳನ್ನು ಹೊರತಂದಿತು. 1900ರಲ್ಲಿ ಗವರ್ನರ್ ಥಿಯೊಡೊರ್ ರೂಸ್‌ವೆಲ್ಟ್ ಕಾಲದಲ್ಲಿ ಕಾಲ್ವಿನ್‌ನ ಇಲಾಖೆ ರದ್ದಾಯಿತು. ಮರುವರ್ಷ, ಅಧ್ಯಕ್ಷ ಮೆಕಿನ್ಲಿ ಸಾವಿನಂಚಿನಲ್ಲಿದ್ದಾನೆಂಬ ಸುದ್ದಿ ಆಗ ಉಪಾಧ್ಯಕ್ಷನಾಗಿದ್ದ ರೂಸ್‌ವೆಲ್ಟ್‌ಗೆ ಮುಟ್ಟಿದ್ದು ಕಾಲ್ವಿನ್ ಹೆಸರಿಟ್ಟ ಆ ಕೊಳದ ಬಳಿಯಲ್ಲೇ.