ಕ್ಯಾನ್‌ಬೆರಾದ ಒಂದು ಮಧ್ಯಾಹ್ನ

ಊರಿನಿಂದ ಯಾರಾದರೂ ನೆಂಟರು ಬಂದರೆ ನಾನು ಅವರನ್ನು ಕ್ಯಾನ್‌ಬೆರಾದ ಹಳೆಯ ಸಂಸತ್ ಭವನಕ್ಕೆ ಕರೆದೊಯ್ಯುತ್ತೇನೆ. ಸಿಡ್ನಿಯ ಆಪೆರಾ ಹೌಸ್ ನೋಡಿ ಬಂದವರಿಗೆ ಈ ಬಿಳಿ ಕಟ್ಟಡ ಸಪ್ಪೆ ಎನಿಸುತ್ತದೆ. "ಇದರಾಗ ನೋಡೂದೇನೈತಿ?" ಎಂದು ಹುಬ್ಬಳ್ಳಿಯಿಂದ ಬಂದಿದ್ದ ನನ್ನ ತಂದೆಯೂ ಕೇಳಿದ್ದರು. ಮುಂಬಾಗಿಲ ಮೆಟ್ಟಿಲು ತೋರಿಸಿ ಕತೆ ಹೇಳಿದೆ. 1975ರ ನವೆಂಬರ್ 11ರಂದು, ಕೆಳಮನೆಯಲ್ಲಿ ಬಹುಮತವಿದ್ದ ಪ್ರಧಾನಿಯನ್ನು ವಜಾ ಮಾಡಿದ ದಿನ, ಸಂಸತ್ತನ್ನು ವಿಸರ್ಜಿಸುವ ಘೋಷಣೆಯನ್ನು ಓದಿದ್ದು ಇಲ್ಲಿಯೇ.

ಲೇಬರ್ ಪಕ್ಷದ ಗಾಫ್ ವಿಟ್ಲಮ್ 1972ರಲ್ಲಿ, 23 ವರ್ಷಗಳ ನಂತರ ತಮ್ಮ ಪಕ್ಷವನ್ನು ಅಧಿಕಾರಕ್ಕೆ ತಂದರು. 1974ರಲ್ಲಿ ಮತ್ತೆ ಗೆದ್ದರು. ಆದರೆ ಮೇಲ್ಮನೆಯಾದ ಸೆನೆಟ್ ಅವರ ಕೈಯಲ್ಲಿರಲಿಲ್ಲ. ಅವರ ಸರ್ಕಾರದ ತಪ್ಪುಗಳೂ ಕಡಿಮೆಯೇನಲ್ಲ. ಬೆಲೆಗಳು ಏರಿದ್ದವು, ಮಧ್ಯವರ್ತಿಯೊಬ್ಬನ ಮೂಲಕ ವಿದೇಶದಿಂದ ಭಾರಿ ಸಾಲ ತರಲು ಹೋಗಿ ಸಚಿವರೊಬ್ಬರು ರಾಜೀನಾಮೆ ಕೊಡಬೇಕಾಯಿತು. ಅಕ್ಟೋಬರ್ ಮಧ್ಯದಲ್ಲಿ ವಿರೋಧ ಪಕ್ಷದ ನಾಯಕ ಮಾಲ್ಕಮ್ ಫ್ರೇಸರ್, ಚುನಾವಣೆ ಘೋಷಿಸುವ ತನಕ ಬಜೆಟ್ಟಿಗೆ ಸೆನೆಟ್‌ನಲ್ಲಿ ಒಪ್ಪಿಗೆ ಸಿಗದು ಎಂದರು.

ಲೆಕ್ಕಪತ್ರದ ಕೆಲಸದವನಾದ ನನಗೆ ಕುತೂಹಲ ಹುಟ್ಟಿಸಿದ್ದು ಇದೇ. ಧನವಿನಿಯೋಗ ಮಸೂದೆ ಅಂಗೀಕಾರವಾಗದೆ ಖಜಾನೆಯಿಂದ ಹಣ ತೆಗೆಯುವಂತಿಲ್ಲ. ನಮ್ಮ ರಾಜ್ಯಸಭೆ ಹಣದ ಮಸೂದೆಯನ್ನು 14 ದಿನಕ್ಕಿಂತ ಹೆಚ್ಚು ಹಿಡಿದಿಡಲಾಗದು. ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಆ ಶಕ್ತಿಯನ್ನು 1911ರಲ್ಲೇ ಕಳೆದುಕೊಂಡಿತು. ಆಸ್ಟ್ರೇಲಿಯಾದ ಸಂವಿಧಾನ ಜಾರಿಗೆ ಬಂದದ್ದು ಅದಕ್ಕೂ ಹತ್ತು ವರ್ಷ ಮೊದಲು. ಕೆಳಮನೆಗೆ ಉತ್ತರ ಹೇಳುವ ಪ್ರಧಾನಿಯನ್ನು ಲಂಡನ್ನಿನಿಂದ ತಂದರು. ಪ್ರತಿ ರಾಜ್ಯಕ್ಕೂ ಸಮಾನ ಸ್ಥಾನವಿರುವ ಬಲಿಷ್ಠ ಸೆನೆಟ್ಟನ್ನು ಅಮೆರಿಕದಿಂದ ತಂದರು. ಎರಡೂ ಜಗಳವಾಡಿದರೆ ತೀರ್ಮಾನ ಯಾರದು ಎಂಬುದನ್ನು ಸ್ಪಷ್ಟವಾಗಿ ಬರೆಯಲಿಲ್ಲ.

ತೀರ್ಮಾನ ಮಾಡಿದವರು ರಾಣಿಯ ಪ್ರತಿನಿಧಿ, ಗವರ್ನರ್ ಜನರಲ್ ಸರ್ ಜಾನ್ ಕೆರ್. ಅವರನ್ನು ಆ ಹುದ್ದೆಗೆ ಸೂಚಿಸಿದ್ದೇ ವಿಟ್ಲಮ್. ಪ್ರಧಾನಿ ಸಲಹೆ ಕೊಟ್ಟರೆ ರಾಣಿ ಗವರ್ನರ್ ಜನರಲ್‌ರನ್ನು ತೆಗೆಯಬಹುದು. ಗವರ್ನರ್ ಜನರಲ್ ಮನಸ್ಸು ಮಾಡಿದರೆ ಪ್ರಧಾನಿಯನ್ನು ತೆಗೆಯಬಹುದು. ಮೊದಲು ಕೈ ಎತ್ತಿದವನೇ ಗೆದ್ದಂತೆ. ಆದ್ದರಿಂದ ಕೆರ್ ಮುನ್ಸೂಚನೆ ಕೊಡಲಿಲ್ಲ. ಮಧ್ಯಾಹ್ನ ಸುಮಾರು ಒಂದು ಗಂಟೆಗೆ ವಿಟ್ಲಮ್ ಕೈಗೆ ವಜಾ ಪತ್ರ ಕೊಟ್ಟು, ಫ್ರೇಸರ್‌ರನ್ನು ಹಂಗಾಮಿ ಪ್ರಧಾನಿ ಮಾಡಿದರು.

ವಿಟ್ಲಮ್ ತಮ್ಮ ಸೆನೆಟ್ ಸದಸ್ಯರಿಗೆ ಸುದ್ದಿ ಮುಟ್ಟಿಸಲಿಲ್ಲ. ತಮ್ಮ ಸರ್ಕಾರವೇ ಇನ್ನೂ ಇದೆ ಎಂದುಕೊಂಡು ಅವರು ಬಜೆಟ್ ಮಂಡಿಸಿದರು; ಅದು ತಕ್ಷಣ ಪಾಸಾಯಿತು. ಕೆಳಮನೆ 64-54 ಮತಗಳಿಂದ ಫ್ರೇಸರ್ ಮೇಲೆ ಅವಿಶ್ವಾಸ ನಿರ್ಣಯ ಮಾಡಿತು. ಅದನ್ನು ಹಿಡಿದು ಹೊರಟ ಸ್ಪೀಕರ್‌ಗೆ ಕೆರ್ ಭೇಟಿಯ ಸಮಯ ಕೊಟ್ಟದ್ದು 4.45ಕ್ಕೆ. ಅಷ್ಟರಲ್ಲಿ ವಿಸರ್ಜನೆಗೆ ಸಹಿ ಬಿದ್ದಾಗಿತ್ತು.

ಡಿಸೆಂಬರ್ 13ರ ಚುನಾವಣೆಯಲ್ಲಿ ಫ್ರೇಸರ್ ಕೂಟ 127ರಲ್ಲಿ 91 ಸ್ಥಾನ ಗೆದ್ದಿತು. "ಜನರೇ ತೀರ್ಪು ಕೊಟ್ಟರಲ್ಲ" ಎನ್ನುವವರು ಈಗಲೂ ಇದ್ದಾರೆ. ಆದರೆ ವರ್ಷದ ಕೊನೆಗೆ ಲಾಭ ಬಂತೆಂದು ವೋಚರ್ ಇಲ್ಲದ ಖರ್ಚನ್ನು ಯಾವ ಆಡಿಟರನೂ ಒಪ್ಪುವುದಿಲ್ಲ. ಭಾರತದಲ್ಲಿ ಕಂಪನಿಯೊಂದು ತನ್ನ ಆಡಿಟರನನ್ನು ಅವಧಿಗೆ ಮುನ್ನ ತೆಗೆಯಬೇಕಾದರೂ ಅವನ ಮಾತು ಕೇಳಬೇಕು. ಇಲ್ಲಿ ಒಂದು ದೇಶದ ಪ್ರಧಾನಿಗೆ ಅಷ್ಟೂ ಸಿಗಲಿಲ್ಲ.

ಗಣರಾಜ್ಯದಲ್ಲಿ ಹೀಗಾಗುತ್ತಿರಲಿಲ್ಲವೇ? ಅಮೆರಿಕದಲ್ಲಿ 2018-19ರಲ್ಲಿ ಬಜೆಟ್ ಜಗಳದಿಂದ ಸರ್ಕಾರದ ಹಲವು ಇಲಾಖೆಗಳು 35 ದಿನ ಮುಚ್ಚಿದವು. ನೌಕರರಿಗೆ ಸಂಬಳ ತಡವಾಯಿತು. ಆದರೆ ಅಧ್ಯಕ್ಷರ ಕುರ್ಚಿ ಅಲುಗಲಿಲ್ಲ, ಏಕೆಂದರೆ ಅವರ ಅವಧಿ ಬಜೆಟ್ಟಿಗೆ ಕಟ್ಟಿಕೊಂಡಿಲ್ಲ. ಕೆಟ್ಟ ಅಧ್ಯಕ್ಷನನ್ನೂ ನಾಲ್ಕು ವರ್ಷ ಸಹಿಸಬೇಕೆಂಬುದು ಅದಕ್ಕೆ ತೆರುವ ಬೆಲೆ. ಭಾರತದ ರಾಷ್ಟ್ರಪತಿಗೆ ಐದು ವರ್ಷದ ಅವಧಿಯಿದೆ. ಮಹಾಭಿಯೋಗವಿಲ್ಲದೆ ಅವರನ್ನು ಇಳಿಸಲಾಗದು. ಪ್ರಧಾನಿ ತನ್ನನ್ನು ರಾತ್ರೋರಾತ್ರಿ ತೆಗೆದಾನೆಂಬ ಭಯ ಅವರಿಗಿಲ್ಲ.

ಇಷ್ಟು ಹೇಳಿ ನಾನು ಬೀಗುತ್ತಿದ್ದಾಗ ತಂದೆ ಒಂದೇ ಮಾತು ಕೇಳಿದರು: "ಮತ್ತ ನಮ್ಮ ಬೊಮ್ಮಾಯಿಯವರದು?"

ಉತ್ತರ ಸುಲಭವಿರಲಿಲ್ಲ. 1989ರ ಏಪ್ರಿಲ್‌ನಲ್ಲಿ ಹತ್ತೊಂಬತ್ತು ಶಾಸಕರ ಪತ್ರಗಳ ಆಧಾರದ ಮೇಲೆ ರಾಜ್ಯಪಾಲರು ವರದಿ ಕಳಿಸಿದರು. ಅವರಲ್ಲಿ ಕೆಲವರು ಮರುದಿನವೇ ಹಿಂದೆ ಸರಿದರು. ಸದನದಲ್ಲಿ ಬಹುಮತ ಸಾಬೀತು ಮಾಡುತ್ತೇನೆ ಎಂದ ಎಸ್. ಆರ್. ಬೊಮ್ಮಾಯಿ ಅವರಿಗೆ ಅವಕಾಶ ಸಿಗಲಿಲ್ಲ. ಏಪ್ರಿಲ್ 21ರಂದು ರಾಷ್ಟ್ರಪತಿ ಆಳ್ವಿಕೆ ಬಂತು. ಕ್ಯಾನ್‌ಬೆರಾದಲ್ಲಿ ಸದನದ ಎಣಿಕೆಯನ್ನು ಕಡೆಗಣಿಸಿದರು; ಬೆಂಗಳೂರಿನಲ್ಲಿ ಎಣಿಸಲೇ ಬಿಡಲಿಲ್ಲ. ನಾವಾಗ ಗಣರಾಜ್ಯವಾಗಿ 39 ವರ್ಷವಾಗಿತ್ತು.

ಬಹುಮತದ ಪರೀಕ್ಷೆ ನಡೆಯಬೇಕಾದ್ದು ರಾಜಭವನದಲ್ಲಲ್ಲ, ಸದನದಲ್ಲಿ ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರಲ್ಲಿ ಹೇಳಿತು. ಬೊಮ್ಮಾಯಿಯವರಿಗೆ ಕುರ್ಚಿ ಮರಳಲಿಲ್ಲ, ಮುಂದಿನವರಿಗೆ ರಕ್ಷಣೆ ಸಿಕ್ಕಿತು. ಆಸ್ಟ್ರೇಲಿಯಾದಲ್ಲಿ ಅಂಥ ತೀರ್ಪು ಬಂದಿಲ್ಲ; ಸೆನೆಟ್ ಈಗಲೂ ಬಜೆಟ್ ತಡೆಯಬಹುದು. 1999ರ ಜನಮತಗಣನೆಯಲ್ಲಿ ಸುಮಾರು ಶೇ. 55 ಜನ ಗಣರಾಜ್ಯ ಬೇಡವೆಂದರು. ಅಂದು ಮುಂದಿಟ್ಟಿದ್ದ ಮಾದರಿಯಲ್ಲಿಯೂ ಪ್ರಧಾನಿ ಅಧ್ಯಕ್ಷನನ್ನು ತಕ್ಷಣ ತೆಗೆಯಬಹುದಿತ್ತು. ಅಂದರೆ ಹೆಸರು ಬದಲಾಗುತ್ತಿತ್ತು, 1975ರ ರೋಗ ಹಾಗೆಯೇ ಉಳಿಯುತ್ತಿತ್ತು.

ನಾನು ಇಲ್ಲಿಯ ಪೌರತ್ವ ಪಡೆದ ದಿನ ಮಾಡಿದ ಪ್ರಮಾಣದಲ್ಲಿ ರಾಣಿಯ ಹೆಸರಿರಲಿಲ್ಲ. 1994ರಲ್ಲೇ ಅದನ್ನು ತೆಗೆದಿದ್ದಾರೆ. ಆದರೂ ನಾನು ಚುನಾಯಿಸುವ ಸಂಸದ ರಾಜನ ಹೆಸರಿನಲ್ಲೇ ಪ್ರಮಾಣ ಮಾಡುತ್ತಾನೆ. ನಮ್ಮ ಭಾಷೆಯಲ್ಲಿ ರಾಜನ ಕೈಕೆಳಗಿನವನೂ ಪ್ರಜೆ, ಪ್ರಜಾಪ್ರಭುತ್ವದ ಒಡೆಯನೂ ಪ್ರಜೆ. ಇಲ್ಲಿ ಮತ್ತೊಮ್ಮೆ ಜನಮತಗಣನೆ ನಡೆದರೆ ನಾನು ಗಣರಾಜ್ಯದ ಪರವಾಗಿಯೇ ಮತ ಹಾಕುತ್ತೇನೆ. ಆದರೆ ಅದಕ್ಕೆ ಮೊದಲು, ಅಧ್ಯಕ್ಷನನ್ನು ತೆಗೆಯುವವರು ಯಾರು, ಬಹುಮತ ಎಣಿಸುವುದು ಎಲ್ಲಿ ಎಂಬ ಎರಡು ಸಾಲುಗಳನ್ನು ಹುಡುಕಿ ಓದುತ್ತೇನೆ.