ಅರಿವಳಿಕೆ ಕೊಡೋ ಮುಂಚೆ ಯಾರನ್ನ ಕೇಳ್ಬೇಕು?

ಭಾಗ 1/6

ಹೋದ ಸರಣಿ ನಮ್ಮೂರ ಕದಂಬೇಶ್ವರ ಗುಡಿ ಬಗ್ಗೆ ಇತ್ತು. ಈ ಸಲ ಗುಡಿ, ಕೋಟೆ, ಶಾಸನ ಯಾವುದೂ ಇಲ್ಲ, ಆಪರೇಷನ್ ಥೇಟರ್ ಒಳಗಿನ ಇತಿಹಾಸ. ಹೆಂಗಸರ ವಿಷಯ ಅಂತ ಹುಡುಗರು ಸ್ಕಿಪ್ ಮಾಡಬೇಡ್ರಿ. ಯಾಕೆ ಅಂತ ಕೊನೆ ಭಾಗದಲ್ಲಿ ಗೊತ್ತಾಗುತ್ತೆ.

ಹೋದ ದೀಪಾವಳಿ ಆದಮೇಲೆ ನಮ್ಮ ಚಿಗವ್ವಗೆ ಪಿರಿಯಡ್ಸ್ ನಿಲ್ಲಲೇ ಇಲ್ಲ. ಹದಿನೆಂಟು ದಿನ. ಡಾಕ್ಟರು ಸ್ಕ್ಯಾನ್ ನೋಡಿ ಡಿ ಅಂಡ್ ಸಿ ಮಾಡೋಣ ಅಂದ್ರು. ನಮ್ಮ ಕಡೆ ಹೆಂಗಸರು 'ಚೀಲ ಕ್ಲೀನ್ ಮಾಡೋದು' ಅಂತಾರಲ್ಲ, ಅದೇ. ಗರ್ಭಕೋಶದ ಒಳಪದರ ಕೆರೆದು ತೆಗೆದು ಪರೀಕ್ಷೆಗೆ ಕಳಿಸ್ತಾರೆ. ಹತ್ತು ಹದಿನೈದು ನಿಮಿಷದ ಕೆಲಸ. ಫೈಲ್ ಹಿಡಿಯೋಕೆ ನಾನೂ ಜೊತೆಗೆ ಹೋಗಿದ್ದೆ.

ಅರಿವಳಿಕೆ ಡಾಕ್ಟರು ಬಂದು ಕೇಳಿದ್ರು: "ಪೂರ್ತಿ ನಿದ್ದಿ ಬರೋ ಹಂಗ ಕೊಡೂಣೋ, ಬೆನ್ನಿಗೆ ಇಂಜೆಕ್ಷನ್ ಕೊಡೂಣೋ?"

ಕೇಳಿದ್ದು ಚಿಗವ್ವನ್ನ. ಚಿಗವ್ವ ಕಾಕಾನ ಮುಖ ನೋಡಿದ್ಲು. ಕಾಕಾ ನನ್ನ ಮುಖ ನೋಡಿದ, ಬಿಕಾಂ ಓದಾಕತ್ತಾಳ, ಗೊತ್ತಿರಬೇಕು ಅಂತ. ನಾನು ಫೈಲ್ ನೋಡಿದೆ. ಕೊನೆಗೆ ಕಾಕಾ, "ಯಾವುದಕ್ಕ ರೊಕ್ಕ ಕಡಿಮಿ ರೀ?" ಅಂದ. ಚಿಗವ್ವ, "ನಿಮಗ ಹೆಂಗ ಅನಸ್ತೈತಿ ಹಂಗ ಮಾಡ್ರಿ" ಅಂದ್ಲು.

"ಬೆಳಿಗ್ಗೆಯಿಂದ ಏನರ ತಿಂದೀರೇನು?" ಅಂತಾನೂ ಕೇಳಿದ್ರು. ಅದಕ್ಕೂ ಕಾಕಾನೇ ಉತ್ತರ ಕೊಟ್ಟ: "ಏನೂ ಇಲ್ರಿ."

ಮೈ ಒಬ್ಬಾಕೆದು, ಉತ್ತರ ಇನ್ನೊಬ್ಬರದು. ಇದು ನಮ್ಮ ಮನೆಯಲ್ಲಿ ಶುರುವಾಗಿದ್ದಲ್ಲ. ಇದಕ್ಕೆ 175 ವರ್ಷಕ್ಕಿಂತ ಹೆಚ್ಚಿನ ಇತಿಹಾಸ ಇದೆ. ಬರ್ರಿ ಹೇಳ್ತೀನಿ.

ಭಾಗ 2/6

ಮೊದಲು ಅಮೆರಿಕಾಗೆ ಹೋಗೋಣ. ಕಾರಣ ಇದೆ. ಸ್ತ್ರೀರೋಗ ವಿಭಾಗದ ಟ್ರೇನಲ್ಲಿ ಬಾತುಕೋಳಿ ಕೊಕ್ಕಿನ ಥರ ಬಾಗಿದ ಸ್ಟೀಲಿನ ಒಂದು ಸಾಧನ ಇರುತ್ತೆ. ಡಿ ಅಂಡ್ ಸಿ ಮಾಡೋವಾಗ ಒಳಗೆ ಕಾಣಿಸಲಿ ಅಂತ ಅದನ್ನ ಬಳಸ್ತಾರೆ. ಹೆಸರು ಸಿಮ್ಸ್ ಸ್ಪೆಕ್ಯುಲಮ್. ಯಾರು ಈ ಸಿಮ್ಸ್?

ಜೆ. ಮರಿಯನ್ ಸಿಮ್ಸ್, ಅಲಬಾಮಾದ ಮಾಂಟ್‌ಗೊಮರಿಯ ಡಾಕ್ಟರು. ಕಷ್ಟದ ಹೆರಿಗೆ ಆದಮೇಲೆ ಕೆಲವು ಹೆಂಗಸರಿಗೆ ಒಳಗೆ ತೂತು ಬಿದ್ದು ಮೂತ್ರ ಸೋರ್ತಾನೇ ಇರುತ್ತೆ, ಅದನ್ನ ಹೊಲಿಯೋದು ಹೇಗೆ ಅಂತ ಕಂಡುಹಿಡಿಯೋಕೆ 1845ರಿಂದ 1849ರವರೆಗೆ ಪ್ರಯೋಗ ಮಾಡಿದ. ಯಾರ ಮೇಲೆ? ಗುಲಾಮಗಿರಿಯಲ್ಲಿದ್ದ ಕಪ್ಪು ಹೆಂಗಸರ ಮೇಲೆ. ಅನಾರ್ಕಾ, ಬೆಟ್ಸಿ, ಲೂಸಿ ಅನ್ನೋ ಮೂರು ಹೆಸರು ಉಳಿದಿವೆ. ಅನಾರ್ಕಾ ಒಬ್ಬಳಿಗೇ ಸುಮಾರು 30 ಸಲ ಆಪರೇಷನ್. ಅರಿವಳಿಕೆ ಇಲ್ಲದೆ.

ಆಗ ಅರಿವಳಿಕೆ ಎಲ್ಲಿತ್ತು ಅಂತ ಕೇಳಬಹುದು. 1846ರ ಅಕ್ಟೋಬರ್ 16ರಂದು ಬಾಸ್ಟನ್‌ನಲ್ಲಿ ಈಥರ್ ಕೊಟ್ಟು ಎಲ್ಲರೆದುರು ಆಪರೇಷನ್ ಮಾಡಿ ತೋರಿಸಿದ್ರು. ಅಂದ್ರೆ ಸಿಮ್ಸ್‌ನ ಪ್ರಯೋಗ ನಡೀತಿರುವಾಗಲೇ ಈಥರ್ ಬಂದಿತ್ತು. ಆ ಹೆಂಗಸರಿಗೆ ಮಾತ್ರ ಕೊಡಲಿಲ್ಲ. ಅವರು ಇನ್ನೊಬ್ಬರ ಆಸ್ತಿ ಅಂತ ಕಾನೂನೇ ಹೇಳ್ತಿತ್ತು. ಬೇಡ ಅನ್ನೋ ಹಕ್ಕೂ ಇರಲಿಲ್ಲ, ನೋವು ತಡೆಯೋ ಔಷಧ ಕೊಡ್ರಿ ಅನ್ನೋ ಹಕ್ಕೂ ಇರಲಿಲ್ಲ.

2018ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ನಿಂದ ಸಿಮ್ಸ್ ಪ್ರತಿಮೆ ತೆಗೆದ್ರು. 2021ರಲ್ಲಿ ಮಾಂಟ್‌ಗೊಮರಿಯಲ್ಲೇ ಆ ಮೂವರ ಪ್ರತಿಮೆ ನಿಂತವು. ಸಾಧನಕ್ಕೆ ಮಾತ್ರ ಇವತ್ತಿಗೂ ಅವನದೇ ಹೆಸರು.

ಭಾಗ 3/6

ಈಗ ಸ್ಕಾಟ್ಲೆಂಡ್. ಎಡಿನ್‌ಬರೋದಲ್ಲಿ ಜೇಮ್ಸ್ ಯಂಗ್ ಸಿಂಪ್ಸನ್ ಅಂತ ಪ್ರಸೂತಿ ಪ್ರೊಫೆಸರ್. 1847ರ ನವೆಂಬರ್ 4ರ ರಾತ್ರಿ ಮನೆಯಲ್ಲಿ ಸ್ನೇಹಿತರ ಜೊತೆ ಕೂತು ಕ್ಲೋರೋಫಾರ್ಮ್ ಮೂಸಿದ. ಎಲ್ಲರೂ ಎಚ್ಚರ ತಪ್ಪಿ ಬಿದ್ರು. ಎದ್ದಮೇಲೆ ಸಿಂಪ್ಸನ್‌ಗೆ ಖುಷಿ. ಕೆಲವೇ ದಿನದಲ್ಲಿ ಹೆರಿಗೆಗೂ ಅದನ್ನ ಬಳಸಿದ. 'ಹೆರಿಗೆ ನೋವು ದೇವರು ಕೊಟ್ಟಿದ್ದು, ತಪ್ಪಿಸಬಾರದು' ಅಂತ ವಿರೋಧವೂ ಬಂತು.

ಮೂರು ತಿಂಗಳೂ ಆಗಿರಲಿಲ್ಲ. 1848ರ ಜನವರಿ 28ರಂದು ಇಂಗ್ಲೆಂಡಿನ ನ್ಯೂಕಾಸಲ್ ಹತ್ತಿರ ಹನ್ನಾ ಗ್ರೀನರ್ ಅನ್ನೋ 15 ವರ್ಷದ ಹುಡುಗಿಗೆ ಕ್ಲೋರೋಫಾರ್ಮ್ ಕೊಟ್ರು. ಕೆಲವೇ ನಿಮಿಷದಲ್ಲಿ ತೀರಿಕೊಂಡ್ಲು. ಕ್ಲೋರೋಫಾರ್ಮ್‌ನಿಂದ ಆದ ಮೊದಲ ಸಾವು ಅಂತ ದಾಖಲಾಗಿರೋದು ಇದು. ಏನು ಆಪರೇಷನ್ ಗೊತ್ತಾ? ಕಾಲಿನ ಬೆರಳಿನ ಉಗುರು ತೆಗೆಯೋದು!

ಆಪರೇಷನ್ ಸಣ್ಣದಿರಬಹುದು, ಸಣ್ಣ ಅರಿವಳಿಕೆ ಅಂತ ಯಾವುದೂ ಇಲ್ಲ. ಇದನ್ನ ನೆನಪಿಡ್ರಿ.

ಈ ಸಾವುಗಳನ್ನ ಒಂದೊಂದಾಗಿ ಕೂತು ಅಭ್ಯಾಸ ಮಾಡಿದವನು ಲಂಡನ್ನಿನ ಜಾನ್ ಸ್ನೋ. ಎಷ್ಟು ಹನಿ, ಎಷ್ಟು ಗಾಳಿ, ಎಷ್ಟು ಹೊತ್ತು ಅಂತ ಲೆಕ್ಕ ಇಟ್ಟ. 1853ರ ಏಪ್ರಿಲ್ 7ರಂದು ವಿಕ್ಟೋರಿಯಾ ರಾಣಿ ಎಂಟನೇ ಮಗು ಹೆರುವಾಗ ಕ್ಲೋರೋಫಾರ್ಮ್ ಕೊಟ್ಟವನು ಇವನೇ. ಕರವಸ್ತ್ರಕ್ಕೆ ಸ್ವಲ್ಪ ಸ್ವಲ್ಪ ಹಾಕಿ 53 ನಿಮಿಷ. ಅದಾದ ಮೇಲೆ ದೊಡ್ಡ ಮನೆತನದ ಹೆಂಗಸರಿಗೂ ಧೈರ್ಯ ಬಂತು. ರಾಣಿಗೆ 'ನನಗೆ ಬೇಕು' ಅನ್ನೋ ಅಧಿಕಾರ ಇತ್ತು. ಅನಾರ್ಕಾಗೆ ಇರಲಿಲ್ಲ. ಇಬ್ಬರದೂ ಹೆಣ್ಣು ಮೈಯೇ, ಕಾಲವೂ ಹೆಚ್ಚುಕಮ್ಮಿ ಒಂದೇ.

ಭಾಗ 4/6

ಇದೆಲ್ಲಾ ಪರದೇಶದ ಕಥೆ ಆಯ್ತು, ನಮ್ಮ ಕಡೆ ಏನಾಯ್ತು ಅಂತೀರಾ? ನಿಜಾಮನ ಹೈದರಾಬಾದ್‌ಗೆ ಬರ್ರಿ. ಆಗ ನಮ್ಮ ರಟ್ಟೀಹಳ್ಳಿ ಧಾರವಾಡ ಜಿಲ್ಲೆಯ ಕೋಡ ತಾಲೂಕು, ಮುಂಬೈ ಪ್ರಾಂತ್ಯ. ಆದ್ರೆ ಬೀದರ್, ಕಲಬುರಗಿ, ರಾಯಚೂರು ನಿಜಾಮನ ರಾಜ್ಯದಲ್ಲಿದ್ವು.

ಆಗ ಜಗತ್ತಿನ ಡಾಕ್ಟರುಗಳ ದೊಡ್ಡ ಜಗಳ ಒಂದೇ. ಕ್ಲೋರೋಫಾರ್ಮ್ ಕೊಟ್ಟಾಗ ಮೊದಲು ನಿಲ್ಲೋದು ಉಸಿರೋ, ಹೃದಯವೋ? ಹೈದರಾಬಾದ್‌ನ ಸರ್ಜನ್ ಎಡ್ವರ್ಡ್ ಲಾರಿ 'ಉಸಿರು ನೋಡ್ತಾ ಇದ್ರೆ ಸಾಕು' ಅಂದ. ಲಂಡನ್ನಿನವರು ಒಪ್ಪಲಿಲ್ಲ. 1888ರಲ್ಲಿ ಒಂದು, 1889ರಲ್ಲಿ ಇನ್ನೊಂದು, ಎರಡು ಕ್ಲೋರೋಫಾರ್ಮ್ ಆಯೋಗ ಹೈದರಾಬಾದ್‌ನಲ್ಲಿ ನಡೆದವು. ಎರಡನೇದಕ್ಕೆ ಲಂಡನ್‌ನಿಂದ ತಜ್ಞರನ್ನ ಕರೆಸೋಕೆ ನಿಜಾಮ 1000 ಪೌಂಡ್ ಕೊಟ್ಟ. ನೂರಾರು ನಾಯಿಗಳ ಮೇಲೆ ಪ್ರಯೋಗ ಮಾಡಿ, ಉಸಿರೇ ಮೊದಲು ನಿಲ್ಲೋದು ಅಂತ ತೀರ್ಮಾನಿಸಿದ್ರು. 1911ರಲ್ಲಿ ಲೆವಿ ಅನ್ನೋ ವಿಜ್ಞಾನಿ, ಹೃದಯವೂ ದಿಢೀರಂತ ಕೈಕೊಡಬಹುದು ಅಂತ ತೋರಿಸಿದ. ಅಂದ್ರೆ ಎರಡನ್ನೂ ನೋಡಬೇಕು. ಚಿಗವ್ವನ ಬೆರಳಿಗೆ ಕ್ಲಿಪ್ ಹಾಕಿದ್ರಲ್ಲ, ಪಲ್ಸ್ ಆಕ್ಸಿಮೀಟರ್, ಕೊರೊನಾದಲ್ಲಿ ನಮ್ಮೆಲ್ಲರ ಮನೆಗೂ ಬಂದಿತ್ತು. ಜಪಾನಿನ ಟಕುವೊ ಅಯೊಯಾಗಿ 1974ರಲ್ಲಿ ಕೊಟ್ಟ ಆ ಐಡಿಯಾ ರಕ್ತದ ಆಮ್ಲಜನಕವನ್ನೂ ನಾಡಿಯನ್ನೂ ಒಟ್ಟಿಗೆ ತೋರಿಸುತ್ತೆ.

ಇದೇ ಹೈದರಾಬಾದ್‌ನಲ್ಲಿ ಒಬ್ಬ ಹೆಣ್ಣುಮಗಳು ಇದ್ಲು, ನಮ್ಮ ಪಠ್ಯದಲ್ಲಿ ನಾನಂತೂ ಆಕೆ ಹೆಸರು ಓದಲಿಲ್ಲ. ರೂಪಾಬಾಯಿ ಫರ್ದೂನ್‌ಜಿ. ಪಾರ್ಸಿ ಮನೆತನದಾಕೆ. 1885ರಲ್ಲಿ ಹೈದರಾಬಾದ್ ಮೆಡಿಕಲ್ ಸ್ಕೂಲ್ ಸೇರಿ 1889ರಲ್ಲಿ ಹಕೀಂ ಪದವಿ ಪಡೆದ್ಲು. ಕ್ಲೋರೋಫಾರ್ಮ್ ಕೊಡೋದೇ ಆಕೆ ಕೆಲಸ ಆಯ್ತು. 1909ರಲ್ಲಿ ಹೆಚ್ಚಿನ ಓದಿಗೆ ಎಡಿನ್‌ಬರೋಗೂ ಹೋಗಿ ಬಂದ್ಲು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆ ಅಂತ ಈಗ ಆಕೆಯನ್ನ ಗುರುತಿಸ್ತಾರೆ. ಹೆಂಗಸರಿಗೆ ಓದೇ ಅಪರೂಪ ಇದ್ದ ಕಾಲದಲ್ಲಿ, ಇನ್ನೊಬ್ಬರ ಉಸಿರಿನ ಜವಾಬ್ದಾರಿ ಆಕೆ ಕೈಯಲ್ಲಿತ್ತು!

ಭಾಗ 5/6

ಕ್ಲೋರೋಫಾರ್ಮ್ ಈಗ ಸಿನಿಮಾದ ಕರ್ಚೀಫಿನಲ್ಲಿ ಮಾತ್ರ ಇದೆ. ಇವತ್ತು ಡಿ ಅಂಡ್ ಸಿ ಥರದ ಸಣ್ಣ ಆಪರೇಷನ್‌ಗೆ ಇರೋ ದಾರಿ ಸುಮಾರು ನಾಲ್ಕು.

ಒಂದು, ಆ ಜಾಗಕ್ಕೆ ಮಾತ್ರ ಜೋಮು. 1884ರಲ್ಲಿ ಕಾರ್ಲ್ ಕೊಲ್ಲರ್ ಕಣ್ಣಿನ ಆಪರೇಷನ್‌ಗೆ ಕೊಕೇನ್ ಹನಿ ಹಾಕಿ ಈ ದಾರಿ ತೆರೆದ. 1943ರಲ್ಲಿ ಸ್ವೀಡನ್ನಿನಲ್ಲಿ ಲಿಗ್ನೋಕೇನ್ ತಯಾರಾಯ್ತು, ಹಲ್ಲು ಕೀಳಿಸಿಕೊಂಡವರಿಗೆಲ್ಲ ಇದು ಗೊತ್ತು. ಇಲ್ಲಿ ಗರ್ಭಕೋಶದ ಬಾಯಿ ಸುತ್ತ ಅದನ್ನೇ ಕೊಡ್ತಾರೆ. ಎಚ್ಚರ ಇರುತ್ತೆ, ಬೇಗ ಮನೆಗೆ ಹೋಗಬಹುದು. ಆದ್ರೆ ಒಳಗೆ ಹಿಂಡಿದಂಗೆ ಸ್ವಲ್ಪ ನೋವು ಗೊತ್ತಾಗುತ್ತೆ.

ಎರಡು, ಅದರ ಜೊತೆ ಮಂಪರು ಬರೋ ಔಷಧ. ಅರ್ಧ ನಿದ್ದೆ, ಅರ್ಧ ಎಚ್ಚರ.

ಮೂರು, ಬೆನ್ನಿಗೆ ಇಂಜೆಕ್ಷನ್. ಜರ್ಮನಿಯ ಆಗಸ್ಟ್ ಬೀರ್ 1898ರಲ್ಲಿ ಶುರು ಮಾಡಿದ. ಸೊಂಟದ ಕೆಳಗೆ ಪೂರ್ತಿ ಜೋಮು. ಬಿಪಿ ಇಳಿಯಬಹುದು, ಕೆಲವರಿಗೆ ಆಮೇಲೆ ತಲೆನೋವು ಬರಬಹುದು. ಕಾಲು ಹಗುರಾಗೋಕೆ ಒಂದೆರಡು ತಾಸು ಬೇಕು.

ನಾಲ್ಕು, ಪೂರ್ತಿ ನಿದ್ದೆ. 1980ರ ದಶಕದಲ್ಲಿ ಬಂದ ಪ್ರೊಪೊಫಾಲ್ ಅನ್ನೋ ಹಾಲಿನ ಬಣ್ಣದ ಔಷಧದಿಂದ ಸೆಕೆಂಡುಗಳಲ್ಲಿ ನಿದ್ದೆ, ನಿಲ್ಲಿಸಿದ್ರೆ ನಿಮಿಷಗಳಲ್ಲಿ ಎಚ್ಚರ. ಏನೂ ಗೊತ್ತಾಗಲ್ಲ. ಆದ್ರೆ ಉಸಿರು ನೋಡ್ಕೊಳ್ಳೋಕೆ ತಜ್ಞರು ಪಕ್ಕದಲ್ಲೇ ಇರಬೇಕು.

ಯಾವುದು ಬೆಸ್ಟ್ ಅಂತ ಕೇಳಬೇಡ್ರಿ. ಆಪರೇಷನ್ ಯಾವುದು, ದಮ್ಮು ಬಿಪಿ ಇದೆಯಾ, ರಕ್ತ ಎಷ್ಟಿದೆ, ಹೆದರಿಕೆ ಎಷ್ಟು, ಇದರ ಮೇಲೆ ಹೋಗುತ್ತೆ. ನಮ್ಮ ಸರ್ಕಾರದ ನಿಯಮದಲ್ಲಿ ಹೆಂಗಸರ ಸಂತಾನಹರಣ ಚಿಕಿತ್ಸೆಗೆ ಮೊದಲ ಆಯ್ಕೆ ಜಾಗಕ್ಕೆ ಮಾತ್ರ ಕೊಡೋ ಜೋಮು. ಗರ್ಭಪಾತದ ಸಣ್ಣ ಆಪರೇಷನ್‌ಗೆ ಎಲ್ಲರಿಗೂ ರೂಢಿ ಅಂತ ಪೂರ್ತಿ ನಿದ್ದೆ ಕೊಡಬೇಡ್ರಿ, ಆದ್ರೆ ನೋವಿಗೆ ಔಷಧ ಕೊಡಲೇಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ.

ಇನ್ನೊಂದು. ಖಾಲಿ ಹೊಟ್ಟೆ ಯಾಕೆ? 1946ರಲ್ಲಿ ನ್ಯೂಯಾರ್ಕಿನ ಡಾ. ಮೆಂಡೆಲ್ಸನ್ ಹೆರಿಗೆ ಕೇಸುಗಳನ್ನ ನೋಡಿ ಬರೆದ: ಅರಿವಳಿಕೆಯಲ್ಲಿದ್ದಾಗ ಹೊಟ್ಟೆಯಲ್ಲಿರೋದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತೆ, ಜೀವಕ್ಕೇ ಅಪಾಯ. ಅದಕ್ಕೇ ಊಟ ಬಿಟ್ಟು ಆರು ತಾಸು, ಬರೀ ನೀರಾದ್ರೆ ಎರಡು ತಾಸು. ಹಾಲು ಹಾಕಿದ ಚಹಾ ನೀರಿನ ಲೆಕ್ಕ ಅಲ್ಲ, ಊಟದ ಲೆಕ್ಕ.

ಭಾಗ 6/6

ಚಹಾ ಅಂದ್ನಲ್ಲ. ಚಿಗವ್ವ ಅವತ್ತು ಬೆಳಿಗ್ಗೆ ಏಳಕ್ಕೆ ಅರ್ಧ ಕಪ್ ಚಹಾ ಕುಡಿದಿದ್ಲು. ಕಾಕಾಗೆ ಗೊತ್ತಿರಲಿಲ್ಲ. ಆತ ಸುಳ್ಳು ಹೇಳಲಿಲ್ಲ, ಆದ್ರೆ ಉತ್ತರ ಆತನದಾಗಿರಲಿಲ್ಲ. ಥೇಟರ್ ಬಾಗಿಲಲ್ಲಿ ಸಿಸ್ಟರ್ ಮತ್ತೊಮ್ಮೆ ಕೇಳಿದಾಗ ಚಿಗವ್ವ ಮೆಲ್ಲಗೆ, "ಚಾ ಕುಡಿದಿದ್ನಿ ರೀ" ಅಂದ್ಲು.

ಆಪರೇಷನ್ ಮಧ್ಯಾಹ್ನಕ್ಕೆ ಹೋಯ್ತು. ಅರಿವಳಿಕೆ ಡಾಕ್ಟರು ವಾಪಸ್ ಬಂದು ಮಂಚದ ಪಕ್ಕ ಕೂತು ಮತ್ತೆ ಅದೇ ಪ್ರಶ್ನೆ ಕೇಳಿದ್ರು. ಕಾಕಾ ಊಟಕ್ಕೆ ಹೋಗಿದ್ದ. ಈ ಸಲ ಚಿಗವ್ವ, "ಬೆನ್ನಿನ ಸೂಜಿ ಅಂದ್ರ ಹೆದರಿಕಿ ಬರ್ತೈತಿ ರೀ, ನಿದ್ದಿದೇ ಕೊಡ್ರಿ" ಅಂದ್ಲು. ಅವರು ಎಲ್ಲಾ ನೋಡಿ, ಆಗಲಿ ಅಂದ್ರು. ಸಂಜೆ ಮನೆಗೆ ಬಂದ್ವಿ. ರಿಪೋರ್ಟೂ ಚಲೋ ಬಂತು.

ಈಗ ನಮ್ಮ ಕ್ಲಾಸಿನವರಿಗೆ. ಬಿಸಿನೆಸ್ ಲಾದಲ್ಲಿ 1872ರ ಕಾಂಟ್ರಾಕ್ಟ್ ಆ್ಯಕ್ಟ್, ಫ್ರೀ ಕನ್ಸೆಂಟ್ ಅಂತ ಬಾಯಿಪಾಠ ಮಾಡಿದ್ದೀವಲ್ಲ? ಆಸ್ಪತ್ರೆಯಲ್ಲೂ ಒಪ್ಪಿಗೆ ಅಂದ್ರೆ ತಿಳಿದು ಕೊಟ್ಟ ಒಪ್ಪಿಗೆ. 1995ರಲ್ಲಿ ದೆಹಲಿಯಲ್ಲಿ 44 ವರ್ಷದ ಒಬ್ಬ ಮಹಿಳೆ ಹೊಟ್ಟೆಯೊಳಗೆ ಕ್ಯಾಮೆರಾ ಹಾಕಿ ನೋಡೋ ಪರೀಕ್ಷೆಗೆ ಸಹಿ ಮಾಡಿ ಪೂರ್ತಿ ಅರಿವಳಿಕೆಗೆ ಹೋದ್ರು. ಅವರು ನಿದ್ದೆಯಲ್ಲಿರುವಾಗಲೇ ಹೊರಗಿದ್ದ ತಾಯಿಯ ಒಪ್ಪಿಗೆ ತಗೊಂಡು ಗರ್ಭಕೋಶ, ಅಂಡಾಶಯ ಎಲ್ಲಾ ತೆಗೆದುಬಿಟ್ರು. ಸಮೀರಾ ಕೋಹ್ಲಿ ಪ್ರಕರಣ ಅಂತಾರೆ. 2008ರ ಜನವರಿ 16ರಂದು ಸುಪ್ರೀಂ ಕೋರ್ಟ್ ಹೇಳಿತು: ಆಕೆ ವಯಸ್ಕಳು, ಸ್ವಂತ ಬುದ್ಧಿ ಇದ್ದಾಕೆ, ಜೀವಕ್ಕೆ ತುರ್ತು ಇರಲಿಲ್ಲ, ಹಾಗಿದ್ದಾಗ ತಾಯಿಯ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಏನು ಮಾಡ್ತೀವಿ, ಬೇರೆ ದಾರಿ ಏನಿದೆ, ಅಪಾಯ ಏನು ಅಂತ ರೋಗಿಗೇ ಹೇಳಬೇಕು. 1971ರ ಗರ್ಭಪಾತ ಕಾಯ್ದೆಯಲ್ಲೂ 18 ದಾಟಿದ ಹೆಂಗಸಿಗೆ ತನ್ನ ಒಪ್ಪಿಗೆ ಸಾಕು, ಗಂಡನ ಸಹಿ ಬೇಕು ಅಂತ ಕಾನೂನು ಹೇಳಲ್ಲ.

ಅವ್ವ, ಅಕ್ಕ, ವೈನಿ ಯಾರ ಜೊತೆಗಾದ್ರೂ ಆಸ್ಪತ್ರೆಗೆ ಹೋದ್ರೆ ಇಷ್ಟು ಮಾಡ್ರಿ. ಯಾವ ಅರಿವಳಿಕೆ, ಬೇರೆ ಯಾವುದು ಆಗುತ್ತೆ, ಕೊಡೋರು ಯಾರು, ನಿದ್ದೆ ಮಾಡುವಾಗ ಉಸಿರು ನೋಡೋರು ಯಾರು ಅಂತ ಆಕೆ ಕೇಳೋ ಹಾಗೆ ಧೈರ್ಯ ಕೊಡ್ರಿ. ಹಳೆ ಕಾಯಿಲೆ, ಗುಳಿಗೆ, ಅಲರ್ಜಿ, ಬೆಳಗಿನ ಚಹಾ, ಒಂದನ್ನೂ ಮುಚ್ಚಿಡಬೇಡ ಅಂತ ಹೇಳ್ರಿ. ಹುಡುಗರೇ, ಡಾಕ್ಟರು ಆಕೆಯನ್ನ ಕೇಳಿದಾಗ ನೀವು ಬಾಯಿ ಹಾಕಬೇಡ್ರಿ. ಫೈಲ್ ಹಿಡ್ಕೊಂಡು ನಿಂತ್ರೆ ಸಾಕು.

ಚಿಗವ್ವಗೆ ಈ ಆರೂ ಭಾಗ ಓದಿ ಹೇಳಿ, ಹಾಕ್ಲೇನು ಅಂತ ಕೇಳಿದೆ. "ಹೆಸರು ಹಾಕಬ್ಯಾಡ, ಚಾದ್ದು ಹಾಕು" ಅಂದ್ಲು.

#ರಟ್ಟೀಹಳ್ಳಿ #ನಮ್ಮಹಾವೇರಿ #ಇತಿಹಾಸಸರಣಿ #ಅರಿವಳಿಕೆ