ಎಳೆ ಎಣಿಸಿ ಬರೆದ ಚಿತ್ರ

ಮನೆಯಲ್ಲಿ ಕಸೂತಿ ಹಾಕಿದ ಹಳೆಯ ಇಳಕಲ್ ಸೀರೆ ಇದ್ದರೆ ಹತ್ತಿರ ಹಿಡಿದು ನೋಡಿ. ಗೋಪುರದ ಓರೆ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಮೊಬೈಲಿನ ಫೋಟೊ ಹಿಗ್ಗಿಸಿದರೂ ಹೀಗೇ ಚೌಕ ಚೌಕ. ಅದಕ್ಕೆ ಪಿಕ್ಸೆಲ್ ಅಂತಾರೆ.

ಕಸೂತಿ ಹಾಕುವವರು ಬಟ್ಟೆ ಮೇಲೆ ಗೆರೆ ಬರೆದುಕೊಳ್ಳುತ್ತಿರಲಿಲ್ಲ, ಎಳೆ ಎಣಿಸಿ ಸೂಜಿ ಚುಚ್ಚುತ್ತಿದ್ದರು. ಗವಂತಿ, ಮುರಗಿ, ನೇಯ್ಗಿ, ಮೆಂತೆ ನಾಲ್ಕೂ ನಿಂತಿದ್ದು ಎಣಿಕೆಯ ಮೇಲೆ. ಗವಂತಿ, ಮುರಗಿಯಲ್ಲಂತೂ ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣಬೇಕು. ಒಂದೆಳೆ ತಪ್ಪಿದರೆ ಬಿಚ್ಚಿ ಮತ್ತೆ ಹಾಕಬೇಕು.

1804ರ ಸುಮಾರಿಗೆ ಫ್ರಾನ್ಸಿನ ಜಕಾರ್ ಇಂಥ ಎಣಿಕೆಯನ್ನು ಮಗ್ಗದ ರಟ್ಟಿನ ಕಾರ್ಡಿಗೆ ಇಳಿಸಿದ. ತೂತಿದ್ದರೆ ಎಳೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ. ಇಂಗ್ಲೆಂಡಿನ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೂ ಅಂಥ ಕಾರ್ಡನ್ನೇ ಯೋಚಿಸಿದ. ಕಂಪ್ಯೂಟರಿನವರು ಕಲಿತಿದ್ದು ಮಗ್ಗದಿಂದ. ನಮ್ಮ ನೇಕಾರರ ಮಕ್ಕಳಿಗೆ ಇದನ್ನು ಯಾರೂ ಹೇಳುವುದಿಲ್ಲ.

1980ರ ದಶಕದಲ್ಲಿ ಅಮೆರಿಕದ ಜೆಫ್ ಪೊಸ್ಕಾಂಜರ್ ಚಿತ್ರವನ್ನು ಇಮೇಲಿನಲ್ಲಿ ಬರೀ ಅಕ್ಷರವಾಗಿ ಕಳಿಸಲು ಪಿಬಿಎಂ ಎಂಬ ಫೈಲ್ ಮಾದರಿ ಮಾಡಿದ. ಒಂದು ಗೋಪುರ ಹೀಗೆ:

ಪಿ1
5 3
0 0 1 0 0
0 1 1 1 0
1 1 1 1 1

ಪಿ ಇಂಗ್ಲಿಷಿನ ದೊಡ್ಡಕ್ಷರದಲ್ಲಿರಲಿ. ಅಗಲ 5, ಎತ್ತರ 3. 1 ಅಂದರೆ ಕಪ್ಪು, 0 ಬಿಳಿ. ನೋಟ್‌ಪ್ಯಾಡಿನಲ್ಲಿ ಬರೆದು, ಹೆಸರಿನ ಕೊನೆಗೆ ಚುಕ್ಕಿ ಇಟ್ಟು ಪಿಬಿಎಂ ಸೇರಿಸಿ ಉಳಿಸಿ. ಜಿಂಪ್‌ನಲ್ಲಿ ತೆರೆದರೆ ಚಿತ್ರ. ದೊಡ್ಡ ಗೋಪುರಕ್ಕೆ, ಸಾಲಿಗೆ ಎರಡು 1 ಹೆಚ್ಚಿಸು ಅಂತ ಪೈಥಾನಿಗೆ ಹೇಳಿದರಾಯಿತು.

ಅಜ್ಜಿಯ ಎಣಿಕೆ ಯಾವ ಪುಸ್ತಕದಲ್ಲೂ ಇಲ್ಲ, ಬೆರಳಲ್ಲಿದೆ. ಈ ರಜೆಗೆ ಪಕ್ಕದಲ್ಲಿ ಕೂತು, ಆಕೆ ಎಣಿಸಿದಂತೆ 0, 1 ಬರೆದುಕೊಳ್ಳಿ.